ಅಡಿಕೆ ಕಲೆಯ ಅಂಗೈಗೆ ಪರಮಪ್ರಸಾದ

ಡಿಸೆಂಬರ್ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಅಡಿಕೆ ಮನೆಗಳಲ್ಲಿ ನಿದ್ದೆಗೆ ಬರಗಾಲ. ಬೆಳಗ್ಗೆ ಕೊನೆಗಾರ ಇಳಿಸಿದ ಕೊನೆ ಮಧ್ಯಾಹ್ನದೊಳಗೆ ಅಂಗಳದ ಚಪ್ಪರದಡಿ ರಾಶಿ ಬಿದ್ದಿರುತ್ತದೆ. ಸಂಜೆಯಾಗುತ್ತಲೇ ಮೆಟ್ಟುಗತ್ತಿ ಮುಂದಿಟ್ಟುಕೊಂಡು ಹೆಂಗಸರ ಸಾಲು ಕೂರುತ್ತದೆ. ಎಡಗೈಯಲ್ಲಿ ಕಾಯಿ ಎತ್ತಿ ಕತ್ತಿಗೆ ಒತ್ತಿ, ಸಿಪ್ಪೆ ಬಿಡಿಸಿ, ಬೇಳೆಯನ್ನು ಬುಟ್ಟಿಗೆ ಒಗೆಯುವ ಆ ಕೈಚಳಕಕ್ಕೆ ಮಾತಿನ ಹಂಗಿಲ್ಲ. ಬಾಯಿ ಊರ ಸುದ್ದಿಯಲ್ಲಿರುತ್ತದೆ, ಕೈ ತನ್ನ ಪಾಡಿಗೆ ಸುಲಿಯುತ್ತಿರುತ್ತದೆ. ಸುಲಿಯುವ ಯಂತ್ರ ಬಂದ ಮೇಲೂ ಎಷ್ಟೋ ಅಂಗಳಗಳಲ್ಲಿ ಈ ಸಾಲು ಅಳಿದಿಲ್ಲ.

ಆ ಸಾಲಿನಲ್ಲಿ ಕೊರಳಿಗೆ ಸಣ್ಣ ಶಿಲುಬೆ ಕಟ್ಟಿಕೊಂಡ ಹೆಂಗಸರೂ ಇರುತ್ತಾರೆ. ಅವರಿಗೆ ಅದು ಆಗಮನ ಕಾಲ, ಕ್ರಿಸ್ತ ಜಯಂತಿಗೆ ಮುಂಚಿನ ನಾಲ್ಕು ಭಾನುವಾರಗಳ ಕಾಯುವಿಕೆ. ಕಾಯುವುದಕ್ಕೆ ಪುರುಸೊತ್ತೆಲ್ಲಿ? 24ರ ಸಂಜೆಯವರೆಗೂ ಸುಲಿತ ಮುಗಿಯುವುದಿಲ್ಲ. ಮನೆಗೆ ಬಂದು, ಬಿಸಿನೀರಿಗೆ ಹುಣಸೆಹಣ್ಣು ಹಾಕಿ ಉಜ್ಜಿದರೂ ಬೆರಳ ಸಂದಿಯ ಕಪ್ಪು ಹೋಗುವುದಿಲ್ಲ. ಮಡಿ ಸೀರೆಯುಟ್ಟು, ಮಕ್ಕಳಿಗೆ ಸ್ವೆಟರ್ ತೊಡಿಸಿ, ಇಬ್ಬನಿ ಬೀಳುವ ಹೊತ್ತಿನಲ್ಲಿ ಇಗರ್ಜಿಗೆ ನಡೆಯುತ್ತಾರೆ. ರಾತ್ರಿಯ ಬಲಿಪೂಜೆಯಲ್ಲಿ ಸಾಲಿನಲ್ಲಿ ನಿಂತು, ಎಡ ಅಂಗೈಯನ್ನು ಬಲ ಅಂಗೈ ಮೇಲಿಟ್ಟು ಚಾಚಿದಾಗ, ಗುರುಗಳು ಬೆಳ್ಳಗಿನ ಪರಮಪ್ರಸಾದವನ್ನು ಇಡುವುದು ಆ ಅಡಿಕೆ ಕಲೆಯ ಮೇಲೆಯೇ.

ಕ್ರೈಸ್ತರ ಬಗ್ಗೆ ಪತ್ರಿಕೆಗಳಲ್ಲಿ ಬರುವ ಚಿತ್ರದಲ್ಲಿ ಈ ಅಂಗೈ ಕಾಣುವುದಿಲ್ಲ. ವರ್ಷಕ್ಕೊಮ್ಮೆ ದೀಪಾಲಂಕಾರದ ಚರ್ಚು, ಗೋದಲಿ, ಕೇಕು. ಉಳಿದಂತೆ ಎಲ್ಲಿಯಾದರೂ ಮತಾಂತರದ ಗಲಾಟೆಯಾದರೆ ಒಂದು ಸುದ್ದಿ. ಈ ಎರಡು ತುದಿಗಳ ನಡುವೆ ಮುನ್ನೂರು ಚಿಲ್ಲರೆ ದಿನ ಬಿದ್ದಿವೆ. ಒಬ್ಬ ಮನುಷ್ಯ ಏನನ್ನು ನಂಬಿದ್ದಾನೆ ಎಂಬುದು ಗೊತ್ತಾಗುವುದು ಆ ದಿನಗಳಲ್ಲಿ: ಕೂಲಿ ಕೊಡುವಾಗ, ಬೇಲಿ ಹಾಕುವಾಗ, ಪಕ್ಕದ ಮನೆಯಲ್ಲಿ ಸಾವಾದಾಗ. ಮಲೆನಾಡಿನ ಈ ಮೂರು ತಾಲ್ಲೂಕುಗಳ ಕ್ರೈಸ್ತ ಬದುಕನ್ನು ಅಳೆಯಬೇಕಾದ್ದು ಅಲ್ಲಿ. ಹಾಗೆ ಅಳೆದರೆ ಹೆಮ್ಮೆಪಡುವಂಥದ್ದು ಬಹಳ ಇದೆ, ತಲೆ ತಗ್ಗಿಸುವಂಥದ್ದೂ ಇದೆ.

ಈ ಕುಟುಂಬಗಳಲ್ಲಿ ಹೆಚ್ಚಿನವು ಘಟ್ಟ ಹತ್ತಿ ಬಂದವು. ಆಗುಂಬೆ ಘಾಟಿಯಿಂದ ತೀರ್ಥಹಳ್ಳಿಗೆ, ಹುಲಿಕಲ್ ಘಾಟಿಯಿಂದ ಹೊಸನಗರಕ್ಕೆ, ಕೊಲ್ಲೂರು, ಗೇರುಸೊಪ್ಪೆಯ ದಾರಿಗಳಿಂದ ಸಾಗರಕ್ಕೆ. ಕರಾವಳಿಯ ಕೊಂಕಣಿ ಮಾತಿನ ಕಥೋಲಿಕರು ಕಲ್ಲು ಕಟ್ಟುವ, ಗಾರೆ ಮೆತ್ತುವ, ಮರ ಕೊಯ್ಯುವ ಕೆಲಸ ಹಿಡಿದು ಬಂದರು. ತೋಟದ ಕೂಲಿಗೆ ಬಂದರು. ಶರಾವತಿಗೆ ಅಣೆಕಟ್ಟೆ ಕಟ್ಟುವಾಗ ಬಂದರು. ಆಮೇಲೆ ಕೇರಳದಿಂದ ಸಿರಿಯನ್ ಕ್ರೈಸ್ತರು ಬಂದು ರಬ್ಬರು, ಶುಂಠಿಯಲ್ಲಿ ತೊಡಗಿದರು. ಅವರಲ್ಲಿ ಸಿರೋ ಮಲಬಾರ್ ಸಭೆಯವರಿಗೆ 2007ರಲ್ಲಿ ಭದ್ರಾವತಿಯಲ್ಲೇ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಲ್ಯಾಟಿನ್ ವಿಧಿಯ ಕಥೋಲಿಕರ ಶಿವಮೊಗ್ಗ ಧರ್ಮಪ್ರಾಂತ್ಯ 1988ರದ್ದು. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಶನ್ ಮಾಡಿದ ಕೆಲಸದ ಪ್ರಾಟೆಸ್ಟಂಟ್ ಪರಂಪರೆ ಬೇರೆಯೇ ಇದೆ. 2011ರ ಜನಗಣತಿಯಂತೆ ಇಡೀ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರಿಗಿಂತ ಕಡಿಮೆ, 1.87ರಷ್ಟು. ಊರೊಂದರಲ್ಲಿ ಹತ್ತು ಮನೆ, ಇನ್ನೊಂದರಲ್ಲಿ ಎರಡು ಮನೆ. ಅಷ್ಟು ಸಣ್ಣ ಸಂಖ್ಯೆಯಲ್ಲಿರುವವರು ನೆರೆಯವರಿಲ್ಲದೆ ಬದುಕಲಾರರು. ಅವರ ನಂಬಿಕೆಯ ಪರೀಕ್ಷೆ ನೆರೆಮನೆಯ ಜಗಲಿಯ ಮೇಲೇ ನಡೆಯುವುದು ಇದಕ್ಕೇ.

ಸಾಗರದ ಕಥೋಲಿಕರ ಇಗರ್ಜಿ ಸಂತ ಜೋಸೆಫರ ಹೆಸರಿನದು. ಜೋಸೆಫ್ ಬಡಗಿ. ಶ್ರೀಗಂಧದಲ್ಲಿ, ಮರದಲ್ಲಿ ದೇವರನ್ನು ಕೆತ್ತುವ ಗುಡಿಗಾರರ ಊರಿನಲ್ಲಿ ಒಬ್ಬ ಬಡಗಿಯೇ ಪಾಲಕ ಸಂತನಾಗಿ ನಿಂತಿದ್ದು ಎಂಥ ಹೊಂದಿಕೆ! ಸುವಾರ್ತೆಗಳಲ್ಲಿ ಈತನ ಬಾಯಿಂದ ಒಂದೇ ಒಂದು ಮಾತೂ ಇಲ್ಲ. ಹೇಳಿದ್ದನ್ನು ಕೇಳಿದ, ಹೆಂಡತಿ ಮಗುವನ್ನು ಕಾಪಾಡಿದ, ಮರ ಕೆತ್ತಿದ, ಅಷ್ಟೇ. 1955ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಮೇ 1ನ್ನು ದುಡಿಯುವವರ ಜೋಸೆಫನ ಹಬ್ಬವೆಂದು ಗೊತ್ತುಮಾಡಿದರು. ಕಾರ್ಮಿಕರ ದಿನವೂ ಅದೇ. ಕಲ್ಲು ಕೆತ್ತಿ, ಕರಣೆ ಹಿಡಿದು ಬದುಕಿದವರಿಗೆ ಇಂಥ ಮಾತಿಲ್ಲದ ಸಂತ ಬಹಳ ಹತ್ತಿರದವನಾಗಿ ಕಂಡಿರಬೇಕು.

ಈ ನೆಲಕ್ಕೂ ಕ್ರೈಸ್ತರಿಗೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ಕೆಳದಿ ಅರಸರ ರಾಜಧಾನಿಗಳಾಗಿದ್ದ ಕೆಳದಿ, ಇಕ್ಕೇರಿಗಳು ಸಾಗರ ತಾಲ್ಲೂಕಿನಲ್ಲಿವೆ. ಬಿದನೂರು, ಅಂದರೆ ಈಗಿನ ನಗರ, ಹೊಸನಗರದಲ್ಲಿದೆ. ಅವರ ಕವಲೇದುರ್ಗದ ಕೋಟೆ ತೀರ್ಥಹಳ್ಳಿಯಲ್ಲಿದೆ. ರೋಮಿನ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಗೇರುಸೊಪ್ಪೆಯ ದಾರಿಯಲ್ಲಿ ಘಟ್ಟ ಹತ್ತಿ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದ. ದಾರಿಯಲ್ಲಿ ದೇವಸ್ಥಾನವೊಂದರ ಜಗಲಿಯಲ್ಲಿ ಹುಡುಗರು ಮರಳು ಹರಡಿಕೊಂಡು, ಬೆರಳಲ್ಲಿ ಬರೆಯುತ್ತಾ, ರಾಗವಾಗಿ ಹೇಳಿಕೊಳ್ಳುತ್ತಾ ಲೆಕ್ಕ ಕಲಿಯುವುದನ್ನು ಕಂಡು ಮೆಚ್ಚಿ ಬರೆದಿಟ್ಟ. ಶ್ರದ್ಧಾವಂತ ಕಥೋಲಿಕನೊಬ್ಬ ಪರಧರ್ಮದ ಗುಡಿಯ ಜಗಲಿಯಲ್ಲಿ ನಿಂತು ಮಕ್ಕಳ ಲೆಕ್ಕ ಕೇಳಿದ ಆ ಗಳಿಗೆ ಈ ಸೀಮೆಯ ಚರಿತ್ರೆಯ ಹಿತವಾದ ಗಳಿಗೆಗಳಲ್ಲಿ ಒಂದು.

ಅದಾಗಿ ಅರ್ಧ ಶತಮಾನದ ಮೇಲೆ ಗೋವೆಯ ಪಾದ್ರಿ ಜೋಸೆಫ್ ವಾಜ್ 1681ರಿಂದ ಮೂರು ವರ್ಷ ಕೆನರಾ ಕರಾವಳಿಯ ಹಳ್ಳಿಗಳಲ್ಲಿ ದುಡಿದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಸಂತ ಪದವಿಗೇರಿಸಿದ್ದು ಇವರನ್ನೇ. ಅವರು ಬಸರೂರು, ಗಂಗೊಳ್ಳಿಗಳಲ್ಲಿ ಓಡಾಡುತ್ತಿದ್ದ ಕಾಲಕ್ಕೆ ಆ ಕರಾವಳಿ ಕೆಳದಿಯ ಆಳ್ವಿಕೆಯಲ್ಲಿತ್ತು, ಪಟ್ಟದಲ್ಲಿದ್ದವಳು ವೀರಶೈವ ರಾಣಿ ಚೆನ್ನಮ್ಮ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳೆಂದು ಶಾಲೆಯ ಪಾಠದಲ್ಲಿ ಬರುವ ಅದೇ ಚೆನ್ನಮ್ಮ. ಅವಳ ಸೀಮೆಯಲ್ಲಿ ಗೋವೆಯ ಪಾದ್ರಿಯೂ ಪೂಜೆ ಅರ್ಪಿಸಿದ, ಶಿವಾಚಾರವೂ ನಡೆಯಿತು. ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಗೆ ಹೆಸರು ಬಂದ ಲಾರ್ಡ್ ರಿಪ್ಪನ್ ಕೂಡ ಕ್ರೈಸ್ತನೆಂದು ಹೇಳಬೇಕಾಗಿಲ್ಲ. ಆದರೆ ಆತ 1874ರಲ್ಲಿ ಕಥೋಲಿಕನಾಗಿ, ತನ್ನ ದೇಶದಲ್ಲಿ ಅದಕ್ಕಾಗಿ ಮಾತು ಕೇಳಿ, ಆಮೇಲೆ ಇಲ್ಲಿಗೆ ವೈಸರಾಯ್ ಆಗಿ ಬಂದವನು. ಬಸ್ಸಿನಲ್ಲಿ ಊರ ಹೆಸರು ಕೂಗುವಾಗ ಇದು ಯಾರಿಗೂ ನೆನಪಾಗುವುದಿಲ್ಲ.

ಮಲೆನಾಡಿನ ಕ್ರೈಸ್ತರನ್ನು ಕನ್ನಡ ಸಾಹಿತ್ಯ ಎರಡು ಕಣ್ಣುಗಳಿಂದ ನೋಡಿದೆ. ಒಂದು ತೀರ್ಥಹಳ್ಳಿಯ ಕಣ್ಣು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಬಂತು. ಅದರ ಕಥೆ ನಡೆಯುವುದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಅಲ್ಲಿ ಕ್ರೈಸ್ತರು 'ಕಿಲಸ್ತರು'. ಉಪದೇಶಿ ಜೀವರತ್ನಯ್ಯ ಬರುತ್ತಾನೆ, ಬೆಟ್ಟಳ್ಳಿ ದೇವಯ್ಯನಿಗೆ ಹೊಸ ಮಾತು ಹಿಡಿಸುತ್ತದೆ, ಆ ಮಾತಿಗಿಂತ ಹೆಚ್ಚಾಗಿ ಊರಿನ ಬಾಯಲ್ಲಿ 'ಬೀಸೆಕಲ್ಲು ಸವಾರಿ'ಯಾದ ಬೈಸಿಕಲ್ಲು ಹಿಡಿಸುತ್ತದೆ. ಹೊರಗಿನಿಂದ ಬಂದ ಧರ್ಮ, ಅದರ ಜೊತೆ ಬಂದ ಶಾಲೆ, ಯಂತ್ರ, ಆಮಿಷ, ಬಿಡುಗಡೆಯ ಆಸೆ ಎಲ್ಲವನ್ನೂ ಕುವೆಂಪು ಕಂಡಿದ್ದಾರೆ. ಮಿಶನರಿ ಕೆಲಸದ ಬಗ್ಗೆ ಅವರಿಗಿದ್ದ ಗುಮಾನಿ ಕಾದಂಬರಿಯಲ್ಲಿ ಮರೆಯಾಗಿಲ್ಲ. ಕ್ರೈಸ್ತ ಓದುಗರು ಅದನ್ನು ಮುನಿಸಿಲ್ಲದೆ ಓದಬೇಕು. ಆ ಗುಮಾನಿಯಲ್ಲಿ ನಿಜದ ಪಾಲಿದೆ.

ಇನ್ನೊಂದು ಸಾಗರದ ಕಣ್ಣು, ನಾ. ಡಿಸೋಜರದ್ದು. ನಾರ್ಬರ್ಟ್ ಡಿಸೋಜ ಹುಟ್ಟಿದ್ದು 1937ರ ಜೂನ್ 6ರಂದು ಸಾಗರದಲ್ಲಿ. ತಂದೆ ಶಾಲೆಯ ಮೇಷ್ಟ್ರು. ತೀರಿಕೊಂಡದ್ದು 2025ರ ಜನವರಿ 5ರಂದು ಮಂಗಳೂರಿನಲ್ಲಿ. 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು' ಎಂಬ ಅವರ ಕಾದಂಬರಿಯ ಹೆಸರೇ ಅವರು ಎಲ್ಲಿ ನಿಂತು ನೋಡಿದರು ಎಂಬುದನ್ನು ಹೇಳುತ್ತದೆ. ಇಗರ್ಜಿಯ ಒಳಗೇ ನಿಂತಿದ್ದರೆ ಪೀಠ, ಮೇಣದ ಬತ್ತಿ, ಧೂಪ ಕಾಣುತ್ತಿತ್ತು. ಅವರು ಕಂಡದ್ದು ಸುತ್ತಲಿನ ಮನೆಗಳನ್ನು, ಅಲ್ಲಿನ ಸಾಲ, ಮದುವೆ, ಜಗಳ, ಹೊಟ್ಟೆಪಾಡನ್ನು. ಘಂಟೆಯ ಸದ್ದು ಅಡುಗೆಮನೆಯವರೆಗೆ ಬಂದಾಗ ಅದಕ್ಕೆ ಏನಾಗುತ್ತದೆ ಎಂಬ ಕುತೂಹಲ ಅವರದು.

ಆದರೂ ಅವರ ನಂಬಿಕೆಯ ದೊಡ್ಡ ಸಾಕ್ಷಿ ಕ್ರೈಸ್ತರ ಕಥೆಯಲ್ಲಿಲ್ಲ, 'ದ್ವೀಪ' ಕಾದಂಬರಿಯಲ್ಲಿದೆ. ಶರಾವತಿ ವಿದ್ಯುತ್ ಯೋಜನೆಯ ಕಚೇರಿಯಲ್ಲಿ ನೌಕರಿ ಮಾಡಿದವರು ಅವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು, ಸುಮಾರು 300 ಚದರ ಕಿಲೋಮೀಟರ್ ನೆಲ ನೀರಿನಡಿ ಹೋಯಿತು. ಅದಕ್ಕೆ ಮುಂಚೆ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯ ಮುಳುಗಡೆಯಾಗಿತ್ತು. ದೊಡ್ಡ ಕಟ್ಟೆಯ ನೀರು ಆ ಹಳೆಯ ಕಟ್ಟೆಯನ್ನೂ ನುಂಗಿತು. ಮನೆ ಬಿಚ್ಚಿ ಮರಮುಟ್ಟು ಗಾಡಿಗೆ ಹೇರಿಕೊಂಡು ಹೋದವರನ್ನು, ಲಾರಿಯಲ್ಲಿ ದನಗಳ ಜೊತೆ ಕೂತು ಹೋದವರನ್ನು ಸರ್ಕಾರಿ ಕಡತದ ಈಚೆ ಬದಿಯಿಂದ ನೋಡಿದ ನೌಕರನಿಗೆ ಎರಡು ದಾರಿಗಳಿದ್ದವು: ಸಹಿ ಹಾಕಿ ಸುಮ್ಮನಿರುವುದು, ಇಲ್ಲವೇ ಕಂಡದ್ದನ್ನು ಬರೆಯುವುದು. ಡಿಸೋಜ ಬರೆದರು. 'ಮುಳುಗಡೆ ಸಾಹಿತಿ' ಎಂಬ ಹೆಸರು ಅವರಿಗೆ ಅಂಟಿತು.

ದ್ವೀಪದಲ್ಲಿ ಸೀತಾಪರ್ವತದ ತಪ್ಪಲಿಗೆ ನೀರು ಏರುತ್ತಾ ಬರುವಾಗ ಬಿಟ್ಟುಹೋಗದೆ ಉಳಿಯುವ ಗಣಪಯ್ಯ, ನಾಗವೇಣಿಯರು ಹಿಂದೂ ಕುಟುಂಬದವರು. ಅವರ ದೇವರು, ಅವರ ಶಾಸ್ತ್ರ, ಅವರ ಭಯ, ಮಳೆಗಾಲದ ರಾತ್ರಿಯಲ್ಲಿ ಅವರ ಒಂಟಿತನವನ್ನು ಒಬ್ಬ ಕ್ರೈಸ್ತ ಲೇಖಕ ತನ್ನ ಮನೆಯದೇ ಸಂಕಟವೆಂಬಂತೆ ಬರೆದ. ಓದುವವರಿಗೆ ಎಲ್ಲಿಯೂ ಇದು ಬೇರೆಯವನ ಕಣ್ಣು ಎಂದು ಅನ್ನಿಸುವುದಿಲ್ಲ. ಗಿರೀಶ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು, ಸೌಂದರ್ಯ ನಿರ್ಮಿಸಿ ನಟಿಸಿದರು, ದೇಶದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ಬಂತು. ಜೆರುಸಲೇಮಿನಿಂದ ಜೆರಿಕೋಗೆ ಇಳಿಯುವ ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಎತ್ತಿಕೊಂಡ ಸಮಾರಿಯದವನ ಕಥೆಯನ್ನು ಯೇಸು ಹೇಳಿದ್ದು 'ನನ್ನ ನೆರೆಯವನು ಯಾರು' ಎಂದು ಕೇಳಿದವನಿಗೆ. ಸಾಗರದ ಕ್ರೈಸ್ತನೊಬ್ಬ ಅದಕ್ಕೆ ಕೊಟ್ಟ ಉತ್ತರ ಕನ್ನಡ ಕಾದಂಬರಿಯಾಗಿ ಉಳಿದಿದೆ. 2014ರಲ್ಲಿ ಮಡಿಕೇರಿಯಲ್ಲಿ ನಡೆದ 80ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ ಅವರನ್ನು ಯಾರೂ ಅಲ್ಪಸಂಖ್ಯಾತರ ಪ್ರತಿನಿಧಿಯಾಗಿ ಕರೆದಿರಲಿಲ್ಲ.

ಹೀಗೆ ಊರಿನೊಳಗೆ ಬೆರೆತುಹೋದದ್ದಕ್ಕೆ ಭಾಷೆಯ ನಂಟೂ ಇದೆ. ಮಂಗಳೂರಿನ ಕಡೆ ಕಥೋಲಿಕರ ಬಲಿಪೂಜೆ ಹೆಚ್ಚಾಗಿ ಕೊಂಕಣಿಯಲ್ಲಿ. ಘಟ್ಟದ ಮೇಲೆ ಹಾಗಲ್ಲ. ರಾತ್ರಿ ಮನೆಯಲ್ಲಿ ದೀಪ ಹಚ್ಚಿ ಜಪಸರ ಹಿಡಿದು ಕೂತಾಗ ಅಜ್ಜಿಯ ಬಾಯಲ್ಲಿ ಕೊಂಕಣಿ. ಭಾನುವಾರ ಇಗರ್ಜಿಯಲ್ಲಿ ಅದೇ ಅಜ್ಜಿಯ ಬಾಯಲ್ಲಿ ಕನ್ನಡದ ಪರಲೋಕ ಮಂತ್ರ, ಕನ್ನಡದ ನಮೋ ಮರಿಯಾ. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನೆಯ ಬಗೆಗಿನ ತನ್ನ ದಸ್ತಾವೇಜನ್ನು ಒಪ್ಪಿ, ಆಯಾ ಊರಿನ ನುಡಿಗೆ ದಾರಿ ಬಿಟ್ಟಿತು. ಅಲ್ಲಿಯವರೆಗೆ ಪೂಜೆ ಲ್ಯಾಟಿನ್‌ನಲ್ಲಿ. ಜನ ಕೂತು ಕೇಳುತ್ತಿದ್ದರು, ತಮ್ಮ ಪಾಡಿಗೆ ಮಣಿ ಎಣಿಸುತ್ತಿದ್ದರು. ಕನ್ನಡ ಬಂದ ಮೇಲೆ ಕಲ್ಲುಕೆಲಸದವನಿಗೂ ಪೀಠದ ಮೇಲೆ ಏನು ನಡೆಯುತ್ತಿದೆ ಎಂಬುದು ಕಿವಿಗೆ ಬಿತ್ತು. 'ಬಲಿಪೂಜೆ', 'ಪರಮಪ್ರಸಾದ', 'ಧರ್ಮಕೇಂದ್ರ', 'ದೀಕ್ಷಾಸ್ನಾನ': ಈ ಮಾತುಗಳನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಬೇಕು. ನೆರೆಮನೆಯ ಪೂಜೆ, ಪ್ರಸಾದ, ದೀಕ್ಷೆಗಳಿಂದಲೇ ಎತ್ತಿಕೊಂಡ ಮಾತುಗಳು ಅವು. ಪ್ರಸಾದವೆಂದರೆ ಕಣ್ಣಿಗೊತ್ತಿಕೊಳ್ಳಬೇಕಾದ್ದು ಎಂದು ಮಲೆನಾಡಿನ ಯಾವ ಮಗುವಿಗೂ ಕಲಿಸಬೇಕಿಲ್ಲ.

ಸೆಪ್ಟೆಂಬರ್ 8ರ ತೆನೆಹಬ್ಬದಲ್ಲಿ ಈ ಹೆಣಿಗೆ ಇನ್ನೂ ಚೆನ್ನಾಗಿ ಕಾಣುತ್ತದೆ. ಅಂದು ಮಾತೆ ಮರಿಯಳ ಹುಟ್ಟಿದ ದಿನ. ಕರಾವಳಿಯವರು ಮೊಂತಿ ಹಬ್ಬವೆನ್ನುತ್ತಾರೆ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬೇಲಿ ಸಾಲಿನ ಹೂವು ಕಿತ್ತು ಬುಟ್ಟಿಯಲ್ಲಿ ತಂದು ಬಾಲೆ ಮರಿಯಳ ಮುಂದೆ ಸುರಿಯುತ್ತಾರೆ. ಹಬ್ಬದ ದಿನ ಭತ್ತದ ತೆನೆಯನ್ನು ಗುರುಗಳು ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ. ಇಲ್ಲೊಂದು ತೊಡಕು. ಈ ಹಬ್ಬ ಬೆಳೆದದ್ದು ಕೆಳಗೆ, ಬೇಗ ತೆನೆ ಬಿಡುವ ಗದ್ದೆಗಳ ನಡುವೆ. ಘಟ್ಟದ ಮೇಲೆ ನಾಟಿ ತಡ. ಸೆಪ್ಟೆಂಬರ್ ಮೊದಲ ವಾರಕ್ಕೆ ಗದ್ದೆ ಇನ್ನೂ ಹಚ್ಚಹಸಿರು. ತೆನೆಯನ್ನು ಹುಡುಕಿ ತರಬೇಕು. ಘಟ್ಟ ಹತ್ತಿ ಬಂದವರು ತಮ್ಮ ಪಂಚಾಂಗವನ್ನೂ ಹೊತ್ತು ತಂದರು, ಮಲೆನಾಡಿನ ಗದ್ದೆ ಅದಕ್ಕೆ ಇನ್ನೂ ಒಗ್ಗಿಲ್ಲ.

ತೆನೆ ಮನೆಗೆ ಬಂದ ಮೇಲೆ ದೇವರ ಪಟದ ಮುಂದೆ ಇಟ್ಟು, ಕಾಳು ಬಿಡಿಸಿ, ಉಗುರಿನಿಂದ ಸಿಪ್ಪೆ ತೆಗೆದು, ಆ ನಾಲ್ಕು ಹಸಿ ಅಕ್ಕಿಯನ್ನು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಹಾಕುತ್ತಾರೆ. ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಬಾಳೆಲೆ ಊಟ, ಅಂದು ಮೀನಿಲ್ಲ, ಮಾಂಸವಿಲ್ಲ. ಪಲ್ಯ, ಸಾರುಗಳ ಸಂಖ್ಯೆ ಬೆಸವಾಗಿರಬೇಕು. ಕೆಸುವಿನ ದಂಟು, ಹೀರೆ, ಬೆಂಡೆ, ಹರಿವೆ. ದೂರದೂರಿಗೆ ಹೋದ ಮಕ್ಕಳಿಗೆ ಲಕೋಟೆಯಲ್ಲಿ ಎರಡು ಕಾಳು ಕಳಿಸುವ ಮನೆಗಳಿವೆ. ದುಬೈನ ಕೋಣೆಯಲ್ಲಿ ಅದನ್ನು ಹಾಲಿಗೆ ಹಾಕಿಕೊಂಡು ಕುಡಿದರೆ ಮನೆಯವರ ಜೊತೆ ಊಟವಾದಂತೆ. ತಿಂಗಳೊಂದು ಕಳೆದು ಸೀಗೆ ಹುಣ್ಣಿಮೆಗೆ ಪಕ್ಕದ ದೀವರ ಮನೆಯಲ್ಲಿ ಹೆಂಗಸರು ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ನಸುಕಿನಲ್ಲಿ ಗದ್ದೆಗೆ ಹೋಗಿ, ಗರ್ಭ ಕಟ್ಟಿದ ಪೈರಿಗೆ ಸೀಮಂತ ಮಾಡಿ, ಹಚ್ಚಂಬಲಿ ಬೀರುತ್ತಾರೆ. ಇವರ ತೆನೆ, ಅವರ ಬುಟ್ಟಿ ಬೇರೆ ಬೇರೆ. ಅನ್ನದ ಮುಂದೆ ತಲೆಬಾಗುವ ಗುಣ ಇಬ್ಬರಿಗೂ ಒಂದೇ ಮಣ್ಣು ಕಲಿಸಿದ್ದು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ.

ಜಾತಿಯನ್ನು ಬಿಟ್ಟು ಬಂದೆವೆಂದು ಹೇಳುವ ಕರಾವಳಿ ಮೂಲದ ಕಥೋಲಿಕ ಮನೆಗಳಲ್ಲಿ ಮದುವೆಯ ಮಾತು ಬಂದಾಗ ಬಾಮಣ, ಚಾರಡಿ, ಸುದಿರ್ ಎಂಬ ಹಳೆಯ ಲೆಕ್ಕ ಪಿಸುಮಾತಿನಲ್ಲಿ ಇನ್ನೂ ಏಳುತ್ತದೆ. ಒಂದೇ ಪೀಠದ ಮುಂದೆ ಮೊಣಕಾಲೂರಿದವರು ಬೀಗರಾಗುವಾಗ ಮೂಲ ಕೆದಕುತ್ತಾರೆ. ಇದು ನಾಚಿಕೆಗೇಡು. ಪರಮಪ್ರಸಾದದ ಸಾಲಿನಲ್ಲಿ ಯಾರು ಮುಂದೆ, ಯಾರು ಹಿಂದೆ ಎಂದು ಕೇಳದ ನಂಬಿಕೆ, ಮದುವೆ ಚಪ್ಪರದಲ್ಲಿ ಕೇಳುತ್ತದೆಂದರೆ ಅದು ಇಗರ್ಜಿಯ ಮೆಟ್ಟಿಲಲ್ಲೇ ನಿಂತುಬಿಟ್ಟಿದೆ.

ಶಾಲೆಗಳ ವಿಷಯವೂ ಇದೆ. ಸಿಸ್ಟರುಗಳು, ಫಾದರುಗಳು ನಡೆಸುವ ಶಾಲೆಗೆ ಸೀಟು ಸಿಕ್ಕರೆ ಸಾಕೆಂದು ಎಲ್ಲ ಜಾತಿಯ ತಂದೆತಾಯಿಯರೂ ಕಾಯುತ್ತಾರೆ. ಅದು ದಶಕಗಳ ಶಿಸ್ತು, ಶ್ರಮದಿಂದ ಗಳಿಸಿದ ನಂಬಿಕೆ, ಯಾರೂ ಅಲ್ಲಗಳೆಯಬೇಕಿಲ್ಲ. ಆದರೆ ಇಂಗ್ಲಿಷ್ ಮೀಡಿಯಂ ಶಾಲೆಯ ಗೇಟಿನ ಹೊರಗೆ ಅಡಿಕೆ ಸುಲಿಯುವವಳ ಮಗು ನಿಂತಿದ್ದರೆ, ಅವಳು ಕ್ರೈಸ್ತಳೋ ಅಲ್ಲವೋ ಎಂಬುದನ್ನು ಬಿಟ್ಟು, ಒಳಗೆ ಗೋಡೆಯ ಮೇಲಿರುವ ಶಿಲುಬೆಗೆ ಏನು ಅರ್ಥ ಎಂದು ಆಡಳಿತದವರು ಕೇಳಿಕೊಳ್ಳಲೇಬೇಕು. ಮೊದಲು ಬಂದ ಮಿಶನರಿಗಳು ಅಕ್ಷರವಿಲ್ಲದವರ ಬಳಿಗೆ ಹೋದರು. 1831ರ ಹೊತ್ತಿಗೆ ಬಳ್ಳಾರಿಯಲ್ಲಿ ಇಡೀ ಬೈಬಲನ್ನು ಕನ್ನಡಕ್ಕೆ ತಂದದ್ದು, 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ್ದು, 1894ರಲ್ಲಿ ಕಿಟ್ಟೆಲ್ ನಿಘಂಟು ಬಂದದ್ದು ಜನರ ನುಡಿಗೆ ಇಳಿಯುವ ಆ ಹಂಬಲದಿಂದ. ಆ ಪರಂಪರೆಯ ವಾರಸುದಾರರು ಮಕ್ಕಳು ಶಾಲೆಯಲ್ಲಿ ಕನ್ನಡ ಮಾತಾಡಿದರೆ ಗದರಿಸುವುದು ಹೊಂದುವುದಿಲ್ಲ.

ಇನ್ನು ಹೊರಗಿನಿಂದ ಬರುವ ಸಂಶಯ. 2022ರಲ್ಲಿ ಧಾರ್ಮಿಕ ಸ್ವಾತಂತ್ರ್ಯ ಹಕ್ಕಿನ ಸಂರಕ್ಷಣೆಯ ಹೆಸರಿನ ಕಾಯ್ದೆ ಕರ್ನಾಟಕದಲ್ಲಿ ಬಂತು. ಜನರ ಬಾಯಲ್ಲಿ ಅದು ಮತಾಂತರ ನಿಷೇಧ ಕಾಯ್ದೆ. 2023ರ ಜೂನ್‌ನಲ್ಲಿ ಹೊಸ ಸಚಿವ ಸಂಪುಟ ಅದನ್ನು ಹಿಂತೆಗೆಯಲು ತೀರ್ಮಾನಿಸಿತು. ಕಾಯ್ದೆಯ ಪರ ವಿರೋಧದ ವಾದಗಳು ಬೆಂಗಳೂರಿನಲ್ಲಿ ನಡೆದವು. ಅದರ ಬಿಸಿ ತಟ್ಟಿದ್ದು ಇಂಥ ಸಣ್ಣ ಊರುಗಳಲ್ಲಿ. ಆಮಿಷವೊಡ್ಡಿ, ಕಾಯಿಲೆಯವರ ಭಯವನ್ನು ಬಳಸಿಕೊಂಡು ಧರ್ಮ ಬದಲಿಸುವವರಿದ್ದರೆ ಅದು ತಪ್ಪು. ಮೊದಲು ಅದನ್ನು ಹೇಳಬೇಕಾದವರು ಕ್ರೈಸ್ತರೇ. ಹಾಗೆಂದು ಜ್ವರ ಬಂದವರ ಮನೆಗೆ ಗಂಜಿ ತಂದುಕೊಟ್ಟ ನೆರೆಯವಳ ಕೈಯನ್ನೂ ಗುಮಾನಿಯಿಂದ ನೋಡುವ ಕಾಲ ಬಂದರೆ ಊರೇ ಬಡವಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ, ದಾರಿಯ ಮೇಲೆ ಮರ ಬಿದ್ದು, ಕರೆಂಟು ಹೋಗಿ ನಾಲ್ಕು ದಿನವಾದಾಗ, ಬಸುರಿಯನ್ನು ಆಸ್ಪತ್ರೆಗೆ ಸಾಗಿಸಲು ಬರುವ ಜೀಪಿನವನ ಧರ್ಮ ಯಾವುದೆಂದು ಇಲ್ಲಿ ಯಾರೂ ಕೇಳಿದವರಲ್ಲ.

ಸಾವಿನ ಮನೆಯಲ್ಲಂತೂ ಈ ಪ್ರಶ್ನೆಯೇ ಏಳುವುದಿಲ್ಲ. ಕ್ರೈಸ್ತರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಕೇರಿಯ ಗಂಡಸರು ಬೆಂಚು ಹೊತ್ತು ತರುತ್ತಾರೆ. ಒಲೆ ಹಚ್ಚದ ಮನೆಗೆ ಪಕ್ಕದವರು ಚಹಾ, ಅವಲಕ್ಕಿ ಕಳಿಸುತ್ತಾರೆ. ಹೆಣವನ್ನು ಹೂಳುವ ಗುಂಡಿಗೆ ಹಿಡಿ ಮಣ್ಣು ಹಾಕಲು ನಿಂತ ಸಾಲಿನಲ್ಲಿ ಹಣೆಗೆ ಕುಂಕುಮವಿಟ್ಟವರು, ತಲೆಗೆ ಟೋಪಿ ಹಾಕಿದವರು ಎಲ್ಲರೂ ಇರುತ್ತಾರೆ. ಆ ಮಣ್ಣು ಹಾಕಿದ ಕೈ ತೊಳೆದುಕೊಂಡು ಮನೆಗೆ ಹೋಗಿ ಅವರು ಸ್ನಾನ ಮಾಡಿ ಒಳಗೆ ಬರುತ್ತಾರೆ, ತಮ್ಮವರೇ ಹೋದ ಹಾಗೆ.

ಕ್ರೈಸ್ತರು ಈ ಋಣವನ್ನು ತೀರಿಸುವ ಬಗೆ ಯಾವುದು? ದಾರಿಯನ್ನು ಡಿಸೋಜ ತೋರಿಸಿಕೊಟ್ಟಿದ್ದಾರೆ. ಲಿಂಗನಮಕ್ಕಿಯ ಸಂತ್ರಸ್ತರ ಎಷ್ಟೋ ಕುಟುಂಬಗಳು ಮೂರನೆಯ ತಲೆಮಾರಿಗೂ ಭೂಮಿಯ ಹಕ್ಕುಪತ್ರಕ್ಕಾಗಿ ಕಚೇರಿಗಳ ಮೆಟ್ಟಿಲು ಹತ್ತುತ್ತಲೇ ಇವೆ. ಊರಿಗೆ ಬೆಳಕು ಕೊಟ್ಟವರಿಗೆ ಕಾಲಿಡುವಷ್ಟು ನೆಲ ತಮ್ಮದೆಂದು ಹೇಳಿಕೊಳ್ಳುವ ಕಾಗದವಿಲ್ಲ. ಹಿನ್ನೀರಿನಾಚೆಯ ಕರೂರು ಹೋಬಳಿಯವರು ಲಾಂಚಿಗಾಗಿ ಕಾಯುತ್ತಾ ತಲೆಮಾರುಗಳನ್ನು ಕಳೆದ ಮೇಲೆ, 2025ರ ಜುಲೈ 14ರಂದು ಅಂಬಾರಗೋಡ್ಲು, ಕಳಸವಳ್ಳಿ ನಡುವೆ 2.44 ಕಿಲೋಮೀಟರಿನ ಸೇತುವೆ ತೆರೆಯಿತು. ಈಗ ಅದೇ ಶರಾವತಿ ಕಣಿವೆಯಲ್ಲಿ 2000 ಮೆಗಾವಾಟ್‌ನ ಭೂಗತ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು. ಸಿಂಗಳೀಕದ ಕಾಡಿಗೆ ಮತ್ತೆ ಆತಂಕ. ಪೋಪ್ ಫ್ರಾನ್ಸಿಸ್ 2015ರಲ್ಲಿ ತಮ್ಮ 'ಲೌದಾತೊ ಸಿ' ಪತ್ರದಲ್ಲಿ ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಒಟ್ಟಿಗೆ ಕೇಳಬೇಕೆಂದರು. ರೋಮಿನಿಂದ ಆ ಪತ್ರ ಬರುವುದಕ್ಕೆ ದಶಕಗಳ ಮೊದಲೇ ಸಾಗರದ ಒಬ್ಬ ಗುಮಾಸ್ತ ಎರಡನ್ನೂ ಒಟ್ಟಿಗೆ ಕೇಳಿದ್ದ. ಹಕ್ಕುಪತ್ರ ಕೇಳುವ ಸಭೆಯಲ್ಲಿ, ಕಾಡು ಉಳಿಸುವ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳೂ ಗುರಿಕಾರರೂ ಬಂದು ಹಿಂದಿನ ಬೆಂಚಿನಲ್ಲಾದರೂ ಕೂರಬೇಕು. ಅಲ್ಲಿ ಶಿಲುಬೆಯ ಗುರುತು ಹಾಕಬೇಕಾದ ಅಗತ್ಯವಿಲ್ಲ. ಬಂದು ಕೂತದ್ದನ್ನು ಊರು ನೆನಪಿಡುತ್ತದೆ.

ಡಿಸೆಂಬರ್ 26. ಹಬ್ಬದ ಮಾರನೆಯ ದಿನ. ಅಡಿಕೆ ಅಂಗಳದಲ್ಲಿ ರಾಶಿ ಹಾಗೇ ಇದೆ; ಎಲೆಚುಕ್ಕಿ ರೋಗ ಬಂದು ಈ ಸಲ ಫಸಲು ಕಮ್ಮಿ ಎಂಬ ಮಾತು ಸಾಲಿನ ಆ ತುದಿಯಿಂದ ಕೇಳುತ್ತಿದೆ. ಶಿಲುಬೆಯ ಕೊರಳಿನವಳು ಬರುವಾಗ ಕೈಯಲ್ಲೊಂದು ಸ್ಟೀಲು ತಟ್ಟೆ, ಮೇಲೆ ಕಸೂತಿಯ ಬಟ್ಟೆ ಹೊದಿಸಿದೆ. ಬಟ್ಟೆ ತೆಗೆದರೆ ಕುಸ್ವಾರ್: ನೆವ್ರಿ, ಕಿಡಿಯೊ, ಗುಲಾಬಿ ಅಚ್ಚಿನ ತಿಂಡಿ, ಎಳ್ಳುಂಡೆ. ಮನೆಯೊಡತಿಯ ಪಾಲನ್ನು ಮೊದಲು ತೆಗೆದಿಟ್ಟು ತಟ್ಟೆ ಸಾಲಿನುದ್ದಕ್ಕೂ ಹೋಗುತ್ತದೆ. "ಮೊಟ್ಟೆ ಹಾಕಿದ್ಯೇನೇ?" ಎಂದು ಒಬ್ಬಳು ಕೇಳುತ್ತಾಳೆ. "ನಿಂಗೆ ಅಂತಲೇ ಹಾಕ್ದೆ ಇದ್ದಿದ್ದು ಬೇರೆ ಮಾಡ್ದೆ ಮಾರಾಯ್ತಿ, ಈ ಬದಿಯದ್ದು ತಗೋ." ಕಪ್ಪು ಹಿಡಿದ ಬೆರಳುಗಳು ಒಂದೊಂದೇ ಎತ್ತಿಕೊಳ್ಳುತ್ತವೆ. ಸಂಜೆ ಹೊರಡುವಾಗ ಮನೆಯೊಡತಿ ತಟ್ಟೆ ತೊಳೆದು, ಬರಿದು ಕೊಡಬಾರದೆಂದು ಹಿಡಿ ಸಕ್ಕರೆ ಹಾಕಿ, ಅದರ ಮೇಲೆ ಎರಡು ವೀಳ್ಯದೆಲೆ ಇಟ್ಟು, ಅದೇ ಕಸೂತಿಯ ಬಟ್ಟೆ ಮುಚ್ಚಿ ಕೈಗಿಡುತ್ತಾಳೆ. ನಾಳೆ ಬೇಗ ಬಾ, ಎರಡು ಗಾಡಿ ಕೊನೆ ಬರ್ತದೆ ಎನ್ನುತ್ತಾಳೆ.